ಬೀಜಕ್ಕೆ ಬಿಟ್ಟ ಕಾಯಿ

ಪೊಂಗಲ್ ಹಬ್ಬಕ್ಕೆ ಕೊಂಗುನಾಡಿನ ಅಡುಗೆಮನೆಗಳಲ್ಲಿ ಅರಸಾಣಿಕ್ಕಾಯಿ ಹೆಚ್ಚುತ್ತಾರೆ. ತಮಿಳುನಾಡಿನ ಬೇರೆ ಕಡೆ ಪರಂಗಿಕ್ಕಾಯಿ ಎನ್ನಿಸಿಕೊಳ್ಳುವ ಸಿಹಿಗುಂಬಳಕ್ಕೆ ಕೊಯಮತ್ತೂರು, ತಿರುಪ್ಪೂರು, ಈರೋಡಿನ ಜನ ಇಟ್ಟುಕೊಂಡ ಹೆಸರು ಅದು. ಹೋಳು ಪಾತ್ರೆಗೆ ಹೋದ ಮೇಲೆ ಮಣೆಯ ಬಳಿ ಉಳಿಯುವ ನಾರು, ಬೀಜದ ಮುದ್ದೆಯನ್ನು ಕಸದ ಡಬ್ಬಿಗೆ ಹಾಕುವ ಮನೆಗಳೇ ಈಗ ಹೆಚ್ಚು. ಹಿತ್ತಲು ಉಳಿಸಿಕೊಂಡ ಹಳೆಯ ಮನೆಗಳಲ್ಲಿ ಮಾತ್ರ ಆ ಬೀಜವನ್ನು ತೊಳೆದು, ಬೂದಿಯಲ್ಲಿ ಹೊರಳಿಸಿ, ಮೊರದಲ್ಲಿ ಹರವುತ್ತಾರೆ. ತೈ ತಿಂಗಳು ಕಳೆಯುವುದರೊಳಗೆ ನಾಲ್ಕಾರು ಬೀಜ ಬಚ್ಚಲ ನೀರು ಹರಿಯುವ ಕಡೆ ತೋಡಿದ ಗುಂಡಿಗೆ ಬೀಳುತ್ತವೆ. ಚಿತ್ತಿರೈ ಹುಟ್ಟುವ ಹೊತ್ತಿಗೆ ಬಳ್ಳಿ ಬೇಲಿ ಏರಿರುತ್ತದೆ.

ಈ ಸೀಮೆಯ ವಸಂತದ ಕೈತೋಟ ಎಂದರೆ ಹೆಚ್ಚುಕಡಿಮೆ ಇದೇ.

ಪೊಟ್ಟಣದ ಮೇಲಿನ ವಸಂತ ಬೇರೆ. ಆನ್‌ಲೈನಿನಲ್ಲಿ ತರಿಸಿಕೊಂಡ ಬಣ್ಣಬಣ್ಣದ ಬೀಜದ ಪೊಟ್ಟಣಗಳ ಬೆನ್ನಿನಲ್ಲಿ ಕೆಲವೊಮ್ಮೆ ‘ಕೊನೆಯ ಹಿಮ ಬಿದ್ದ ಮೇಲೆ ಬಿತ್ತಿ’ ಎಂಬ ಸೂಚನೆ ಇರುತ್ತದೆ. ಸಮುದ್ರಮಟ್ಟದಿಂದ ಸುಮಾರು 400 ಮೀಟರ್ ಎತ್ತರದ ಕೊಯಮತ್ತೂರಿನಲ್ಲಿ ಮೊದಲನೆಯ ಹಿಮವೇ ಬೀಳುವುದಿಲ್ಲ. ಕೊನೆಯದಕ್ಕೆ ಕಾದು ಕೂರುವವರು ಯಾರು? ಯುರೋಪಿನ ತೋಟಗಾರನಿಗೆ ವಸಂತವೆಂದರೆ ಚಳಿಯ ಸೆರೆಯಿಂದ ಬಿಡುಗಡೆ. ಇಲ್ಲಿ ಅದು ಬಿಸಿಲು ಕಳಿಸುವ ಮುಂಗಡ ಚೀಟಿ. ಮಾರ್ಚ್‌ನಲ್ಲಿ ಹಗಲಿನ ತಾಪ 35 ಡಿಗ್ರಿಯ ಆಸುಪಾಸಿಗೆ ಬಂದು ನಿಲ್ಲುತ್ತದೆ. ಪಶ್ಚಿಮಘಟ್ಟದ ಮಳೆ ನೆರಳಿನಲ್ಲಿರುವ ಈ ಬಯಲಿಗೆ ಹೆಚ್ಚಿನ ಮಳೆ ಸುರಿಯುವುದು ಅಕ್ಟೋಬರ್, ನವೆಂಬರ್‌ನ ಹಿಂಗಾರಿನಲ್ಲಿ. ಅಂದರೆ ವಸಂತದಲ್ಲಿ ಬಿತ್ತುವವರು ಆಕಾಶವನ್ನಲ್ಲ, ಬಾವಿಯನ್ನೋ ನಲ್ಲಿಯನ್ನೋ ನಂಬಿ ಬಿತ್ತುತ್ತಾರೆ.

ಹಾಗಾಗಿ ತಮಿಳು ಬೇಸಾಯಗಾರರು ಋತುಗಳ ಹೆಸರಿಗಿಂತ ‘ಪಟ್ಟ’ಗಳನ್ನು ನೆಚ್ಚಿಕೊಂಡಿದ್ದಾರೆ. ಪಟ್ಟ ಎಂದರೆ ಬಿತ್ತನೆಯ ಅದನು. ಜನವರಿ ನಡುವಿನಿಂದ ತೈ ಪಟ್ಟ, ಏಪ್ರಿಲ್ ನಡುವಿನಿಂದ ಚಿತ್ತಿರೈ ಪಟ್ಟ, ಜುಲೈ ನಡುವಿನಿಂದ ಆಡಿ ಪಟ್ಟ. ಇವುಗಳಲ್ಲಿ ದೊಡ್ಡದು ಆಡಿ. ಆಡಿ ಪಟ್ಟ ಹುಡುಕಿ ಬಿತ್ತು ಎಂಬ ಗಾದೆ ಅಲ್ಲಿನ ಮಕ್ಕಳಿಗೂ ಗೊತ್ತು. ತೈ ಪಟ್ಟ ಅಷ್ಟು ಹೆಸರು ಮಾಡಿದ್ದಲ್ಲ, ಆದರೆ ಕೈತೋಟಕ್ಕೆ ಅದೇ ಹದವಾದದ್ದು. ಹೀರೆ, ಹಾಗಲ, ಪಡವಲ, ಸೋರೆ, ಕುಂಬಳ ಬಿಸಿಲನ್ನು ಬೇಡುವ ಬಳ್ಳಿಗಳು. ಬೆಂಡೆ, ಅಲಸಂದೆ, ಗೋರಿಕಾಯಿ, ದಂಟು ಕೂಡ ಬಿಸಿಲಿಗೆ ಬೆನ್ನು ತಿರುಗಿಸುವುದಿಲ್ಲ. ಜೊತೆಗೆ ಗಾಳಿಯ ಲೆಕ್ಕವೂ ಉಂಟು. ಪಶ್ಚಿಮಘಟ್ಟದ ಗೋಡೆಯಲ್ಲಿ ಪಾಲಕ್ಕಾಡಿನ ಬಳಿ ಇರುವ ದೊಡ್ಡ ಕಿಂಡಿಯಿಂದ ಜೂನ್ ಬಂದ ಕೂಡಲೇ ಗಾಳಿ ನುಗ್ಗುತ್ತದೆ. ಪಲ್ಲಡಂ, ಉಡುಮಲೈಪೇಟೆಯ ಬಯಲುಗಳಲ್ಲಿ ಗಾಳಿಯಂತ್ರಗಳ ಸಾಲು ನಿಂತಿರುವುದು ಆ ಕಿಂಡಿಯ ದೆಸೆಯಿಂದ. ಆಡಿ ಗಾಳಿಗೆ ಅರೆಯುವ ಕಲ್ಲೂ ಹಾರುತ್ತದೆ ಎನ್ನುವ ಊರಿನಲ್ಲಿ ಬಳ್ಳಿಯ ಚಪ್ಪರ ನೆಮ್ಮದಿಯಾಗಿ ನಿಲ್ಲುವುದು ಫೆಬ್ರವರಿಯಿಂದ ಮೇ ತನಕ ಮಾತ್ರ.

ಕನ್ನಡದವರಿಗೆ ಇಲ್ಲಿನ ಬೀಜದ ಅಂಗಡಿ ಪರಕೀಯವೆನಿಸುವುದಿಲ್ಲ. ಹಾಗಲ ಕೇಳಿದರೆ ‘ಪಾಗಲ್’ ಕೊಡುತ್ತಾರೆ, ಹೀರೆ ಕೇಳಿದರೆ ‘ಪೀರ್ಕ್ಕು’, ಬೆಂಡೆ ಕೇಳಿದರೆ ‘ವೆಂಡೈ’, ಸೋರೆಗೆ ‘ಸುರೈ’, ಅವರೆಗೆ ‘ಅವರೈ’. ಹಳಗನ್ನಡದ ಪಕಾರ ಹೊಸಗನ್ನಡದಲ್ಲಿ ಹಕಾರವಾದ ಕಥೆಯನ್ನು ವ್ಯಾಕರಣದ ಮೇಷ್ಟ್ರು ಹಾಲು, ಹುಲಿಗಳ ಉದಾಹರಣೆಯಿಂದ ಹೇಳುತ್ತಾರೆ, ತರಕಾರಿಯಿಂದಲೂ ಹೇಳಬಹುದು. ಅಲ್ಲದೆ ಈ ಜಿಲ್ಲೆಗಳಲ್ಲಿ ಕನ್ನಡ ಮನೆಮಾತಿನವರೂ ಇದ್ದಾರೆ: ಮಗ್ಗದ ದೇವಾಂಗರು, ಬೇಸಾಯದ ಒಕ್ಕಲಿಗರು, ಅನುಪ್ಪರು. ಎಡ್ಗರ್ ಥರ್ಸ್ಟನ್ 1909ರಲ್ಲಿ ಪ್ರಕಟಿಸಿದ ದಕ್ಷಿಣ ಭಾರತದ ಜಾತಿ, ಬುಡಕಟ್ಟುಗಳ ಸಂಪುಟಗಳಲ್ಲಿ ಅನುಪ್ಪರನ್ನು ಕನ್ನಡ ಮಾತಾಡುವ ಬೇಸಾಯಗಾರರೆಂದೇ ದಾಖಲಿಸಿದ್ದಾನೆ. ತಲೆಮಾರುಗಳ ಹಿಂದೆ ಮೇಲ್ನಾಡಿನಿಂದ ಇಳಿದು ಬಂದವರ ಗಂಟಿನಲ್ಲಿ ಬೀಜ ಇಲ್ಲದೆ ಇದ್ದೀತೇ?

ಈಗ ಅಂಗಡಿಯಲ್ಲಿ ಎಲ್ಲರೂ ಕೇಳುವ ಮಾತು ಒಂದೇ: ‘ಆರ್ಗ್ಯಾನಿಕ್ ಬೀಜ ಇದೆಯಾ?’ ಗೊಂದಲ ಶುರುವಾಗುವುದು ಇಲ್ಲಿಂದ. ಒಂದೇ ಮಾತಿನಲ್ಲಿ ಮೂರು ಬೇರೆ ಸಂಗತಿಗಳು ಸೇರಿಕೊಂಡಿವೆ. ಬೀಜ ಕೊಟ್ಟ ತಾಯಿಗಿಡವನ್ನು ರಾಸಾಯನಿಕವಿಲ್ಲದೆ ಬೆಳೆಸಿದ್ದರೆ ಅದು ಸಾವಯವ ಬೀಜ. ಅಜ್ಜಿಯ ಕಾಲದಿಂದ ಕೈಯಿಂದ ಕೈಗೆ ಬಂದದ್ದು ನಾಟಿ ಬೀಜ, ಉತ್ತರ ಕರ್ನಾಟಕದವರ ಜವಾರಿ, ತಮಿಳರ ‘ನಾಟ್ಟು ವಿದೈ’. ಕೊಯ್ದ ಮೇಲೆ ಔಷಧಿ ಲೇಪಿಸದೆ ಬಿಟ್ಟದ್ದು ಉಪಚರಿಸದ ಬೀಜ. ಅಂಗಡಿಯ ಬೀಜ ಕೆಲವೊಮ್ಮೆ ಗುಲಾಬಿ, ನೀಲಿ ಬಣ್ಣದಲ್ಲಿ ಮಿನುಗುತ್ತದಲ್ಲ, ಆ ಬಣ್ಣ ಥೈರಮ್‌ನಂಥ ಶಿಲೀಂಧ್ರನಾಶಕ ಹಚ್ಚಿದೆ, ತಿನ್ನಬೇಡಿ ಎಂಬ ಎಚ್ಚರಿಕೆ. ನಾಟಿ ಬೀಜಕ್ಕೂ ಔಷಧಿ ಹಚ್ಚಬಹುದು. ಹೈಬ್ರಿಡ್ ಬೀಜವನ್ನೂ ಸಾವಯವವಾಗಿ ಬೆಳೆಯಬಹುದು. ‘ಆರ್ಗ್ಯಾನಿಕ್’ ಎಂದು ಹಸಿರು ಎಲೆಯ ಚಿತ್ರ ಹಾಕಿದ ಪೊಟ್ಟಣ ಈ ಮೂರರಲ್ಲಿ ಯಾವುದನ್ನು ಹೇಳುತ್ತಿದೆ ಎಂಬುದು ಅದನ್ನು ಮಾರುವವನಿಗೂ ಎಷ್ಟೋ ಸಲ ತಿಳಿದಿರುವುದಿಲ್ಲ.

ವಿಚಿತ್ರವೆಂದರೆ ಈ ಗೊಂದಲ ಬಿಡಿಸಬೇಕಾದ ಕಚೇರಿ ಇರುವುದು ಕೊಯಮತ್ತೂರಿನಲ್ಲೇ. ತಮಿಳುನಾಡು ಸರ್ಕಾರದ ಬೀಜ ಪ್ರಮಾಣೀಕರಣ ಇಲಾಖೆಯ ಕೇಂದ್ರ ಕಚೇರಿ ಇಲ್ಲಿದೆ. 2007ರಿಂದ ಸಾವಯವ ಪ್ರಮಾಣೀಕರಣದ ಕೆಲಸವೂ ಅದಕ್ಕೇ ಸೇರಿದೆ. ರಾಷ್ಟ್ರೀಯ ಸಾವಯವ ಉತ್ಪಾದನಾ ಕಾರ್ಯಕ್ರಮದ ನಿಯಮದಂತೆ ತರಕಾರಿಯಂಥ ಅಲ್ಪಾವಧಿ ಬೆಳೆಯ ಹೊಲ ‘ಸಾವಯವ’ ಎನ್ನಿಸಿಕೊಳ್ಳಲು ಬಿತ್ತನೆಗೆ ಮುಂಚೆ ಎರಡು ವರ್ಷ ರಾಸಾಯನಿಕ ಬಿಟ್ಟಿರಬೇಕು. ಬಹುವಾರ್ಷಿಕ ಬೆಳೆಗಾದರೆ ಮೊದಲ ಕೊಯ್ಲಿಗೆ ಮುಂಚೆ ಮೂರು ವರ್ಷ. ಬೀಜದ ಗುಣಮಟ್ಟದ ಚೀಟಿ ಬೇರೆಯೇ. ತಳಿವಿಜ್ಞಾನಿಯ ಮೂಲ ಬೀಜಕ್ಕೆ ಹೊಂಬಣ್ಣದ ಚೀಟಿ, ಅದರಿಂದ ಎತ್ತಿದ ಬುನಾದಿ ಬೀಜಕ್ಕೆ ಬಿಳಿ, ಪ್ರಮಾಣಿತ ಬೀಜಕ್ಕೆ ನೀಲಿ, ಉತ್ಪಾದಕರೇ ಹೊಣೆ ಹೊತ್ತು ಮಾರುವ ಬೀಜಕ್ಕೆ ತಿಳಿಹಸಿರು. ಟೊಮೆಟೊ, ಬದನೆಯಲ್ಲಿ ನೂರಕ್ಕೆ ಕನಿಷ್ಠ 70 ಬೀಜ ಮೊಳೆಯಬೇಕು, ಬೆಂಡೆಯಲ್ಲಿ 65, ಮೆಣಸಿನಕಾಯಿಯಲ್ಲಿ 60. ಪರೀಕ್ಷೆಯಾದ ದಿನದಿಂದ ಒಂಬತ್ತು ತಿಂಗಳು ಆ ಮಾತಿಗೆ ಬೆಲೆ. ಎಲೆಯ ಚಿತ್ರ ನೋಡುವ ಬದಲು ಈ ಅಂಕಿ, ಈ ತಾರೀಖು ನೋಡುವುದು ಲಾಭದ ಅಭ್ಯಾಸ.

ಕೊಯಮತ್ತೂರಿಗೂ ಬೀಜಕ್ಕೂ ನಂಟು ಹಳೆಯದು. 1868ರಲ್ಲಿ ಮದರಾಸಿನ ಸೈದಾಪೇಟೆಯಲ್ಲಿ ಶುರುವಾದ ಕೃಷಿ ಶಾಲೆ 1906ರಲ್ಲಿ ಇಲ್ಲಿಗೆ ಸ್ಥಳಾಂತರಗೊಂಡಿತು. 1971ರಲ್ಲಿ ಅದೇ ತಮಿಳುನಾಡು ಕೃಷಿ ವಿಶ್ವವಿದ್ಯಾಲಯವಾಯಿತು. 1912ರಲ್ಲಿ ಕಬ್ಬಿನ ತಳಿ ಸಂಸ್ಥೆ ಬಂತು. ಮಂಡ್ಯದ ಗದ್ದೆಗಳಲ್ಲಿ ಹೆಸರು ಮಾಡಿದ ಕೋ 62175, ಇಂದಿಗೂ ಎಲ್ಲೆಡೆ ಕಾಣುವ ಕೋ 86032 ಕಬ್ಬುಗಳ ‘ಕೋ’ ಎಂದರೆ ಕೊಯಮತ್ತೂರು. ವಿಶ್ವವಿದ್ಯಾಲಯದ ತರಕಾರಿ ತಳಿಗಳಿಗೂ ಅದೇ ಅಕ್ಷರ. ಇಪ್ಪತ್ತನೆಯ ದಿನದಿಂದಲೇ ಚಿವುಟಲು ಬರುವ, ಚಿವುಟಿದಷ್ಟೂ ಚಿಗುರುವ ಕೋ 3 ದಂಟಿನ ಸೊಪ್ಪು, ಕೋ ಪಡವಲ, ಕೋ ಸೋರೆ, ಗೆಡ್ಡೆಯ ಬದಲು ಬೀಜದಿಂದಲೇ ಬೆಳೆಯಬಹುದಾದ ಕೋ 5 ಸಾಂಬಾರ್ ಈರುಳ್ಳಿ.

ಸಾವಯವದವರಲ್ಲಿ ಒಂದು ತಪ್ಪು ತಿಳಿವಳಿಕೆ ಬೇರುಬಿಟ್ಟಿದೆ. ವಿಶ್ವವಿದ್ಯಾಲಯದ ತಳಿ ಎಂದ ಕೂಡಲೇ ಹೈಬ್ರಿಡ್ ಎಂದು ಮೂಗು ಮುರಿಯುತ್ತಾರೆ. ಕೋ ತಳಿಗಳಲ್ಲಿ ಹೈಬ್ರಿಡ್‌ಗಳೂ ಇವೆ, ನಿಜ. ಆದರೆ ಬಹಳಷ್ಟು ತಳಿಗಳು ಊರೂರಿನ ನಾಟಿ ಬೀಜಗಳಿಂದಲೇ ಆರಿಸಿ ಹದಗೊಳಿಸಿದವು. ಅವುಗಳ ಬೀಜವನ್ನು ಎತ್ತಿಟ್ಟುಕೊಂಡು ಮತ್ತೆ ಬಿತ್ತಿದರೆ ಅದೇ ಗಿಡ ಬರುತ್ತದೆ. ಹೈಬ್ರಿಡ್‌ನ ಸಂಗತಿ ಬೇರೆ. ಎರಡು ಶುದ್ಧ ಸಾಲುಗಳನ್ನು ಕೂಡಿಸಿ ಪಡೆದ ಮೊದಲ ಪೀಳಿಗೆ ಸೊಂಪಾಗಿ ಬರುತ್ತದೆ. ಅದರ ಬೀಜ ಬಿತ್ತಿದರೆ ಗಿಡವೇನೋ ಏಳುತ್ತದೆ, ಕಾಯಿಯೂ ಬಿಡುತ್ತದೆ. ಆದರೆ ಒಂದು ಅಜ್ಜನನ್ನು ಹೋಲುತ್ತದೆ, ಇನ್ನೊಂದು ಸೋದರತ್ತೆಯನ್ನು. ಅದು ಮೋಸವಲ್ಲ, ಮೆಂಡೆಲ್ ಹೇಳಿದ ನಿಯಮ. ಹತ್ತು ಕುಂಡದ ಮನೆಗೆ ಪೊಟ್ಟಣದ ಮೇಲಿನ ಹಸಿರು ಎಲೆಗಿಂತ ಹೆಚ್ಚು ಮುಖ್ಯವಾದ ಪ್ರಶ್ನೆ ಇದು: ಈ ಬೀಜ ಮುಂದಿನ ವರ್ಷ ಮನೆಗೆ ಮರಳುತ್ತದೆಯೇ, ಅಥವಾ ಪ್ರತಿ ತೈ ತಿಂಗಳಲ್ಲೂ ಅಂಗಡಿಯ ಮೆಟ್ಟಿಲು ಹತ್ತಬೇಕೇ?

ಈ ನಾಡಿನ ಸಾವಯವಕ್ಕೆ ಒಂದು ಮುಖ ಕೊಟ್ಟವರು ಪಾಪಮ್ಮಾಳ್. ಮೇಟ್ಟುಪಾಳ್ಯಂ ಬಳಿ ಭವಾನಿ ಹೊಳೆಯ ದಡದ ತೇಕ್ಕಂಪಟ್ಟಿಯವರು. ಎಳವೆಯಲ್ಲೇ ತಂದೆ ತಾಯಿಯನ್ನು ಕಳೆದುಕೊಂಡು ಅಜ್ಜಿಯ ಆಸರೆಯಲ್ಲಿ ಬೆಳೆದರು, ಅಜ್ಜಿಯ ಅಂಗಡಿ ನಡೆಸಿದರು, ಬಂದ ದುಡ್ಡಿನಲ್ಲಿ ಹೊಲ ಕೊಂಡರು. ಕೊನೆಗೆ ಉಳಿಸಿಕೊಂಡ ಎರಡೂವರೆ ಎಕರೆಯಲ್ಲಿ ಬಾಳೆ, ಕಾಳು, ತರಕಾರಿ ಬೆಳೆದರು. ಕೃಷಿ ವಿಶ್ವವಿದ್ಯಾಲಯದ ಸಭೆಗಳಿಗೆ ಹೋಗಿ ಕೂತು ಪ್ರಶ್ನೆ ಕೇಳುತ್ತಿದ್ದರು. 2021ರಲ್ಲಿ ಪದ್ಮಶ್ರೀ ಬಂದಾಗ ಅವರಿಗೆ 105 ವರ್ಷವೆಂದು ಪತ್ರಿಕೆಗಳು ಬರೆದವು. 2024ರ ಸೆಪ್ಟೆಂಬರ್ 27ರಂದು ತೀರಿಕೊಂಡರು. ಸಾವಯವ ಎಂಬ ಪದ ಫ್ಯಾಷನ್ ಆಗುವ ಎಷ್ಟೋ ಮೊದಲು ಹೊಲಕ್ಕೆ ಇಳಿದಿದ್ದ ಅವರು ವಿಶ್ವವಿದ್ಯಾಲಯವನ್ನು ವೈರಿ ಎಂದುಕೊಳ್ಳಲಿಲ್ಲ ಎಂಬುದು ಗಮನಿಸಬೇಕಾದ ಸಂಗತಿ. ತಮಿಳುನಾಡಿನ ಸಾವಯವ ಚಳವಳಿಯ ಹಿರಿಯ, 2013ರ ಡಿಸೆಂಬರ್ 30ರಂದು ನಿಧನರಾದ ನಮ್ಮಾಳ್ವಾರ್ ಕೂಡ ಓದಿದ್ದು ಕೃಷಿ ವಿಜ್ಞಾನವನ್ನೇ.

ಹೊಲವಿಲ್ಲದ ಪೇಟೆಯವರಿಗೆ ತಾರಸಿಯೇ ಹಿತ್ತಲು. ತಮಿಳುನಾಡಿನ ತೋಟಗಾರಿಕೆ ಇಲಾಖೆ ಸುಮಾರು 2013ರಲ್ಲಿ ಚೆನ್ನೈ ಮತ್ತು ಕೊಯಮತ್ತೂರಿನಲ್ಲಿ ಮೊದಲು ಶುರು ಮಾಡಿದ ತಾರಸಿ ತೋಟದ ಕಿಟ್ ಯೋಜನೆಯಲ್ಲಿ ಚೀಲ, ಬೀಜ, ತೆಂಗಿನ ನಾರಿನ ಪುಡಿ, ಜೈವಿಕ ಗೊಬ್ಬರಗಳನ್ನು ಒಟ್ಟಿಗೆ ಕಟ್ಟಿ ಸಹಾಯಧನದಲ್ಲಿ ಹಂಚಿತು. ಅದರಲ್ಲಿದ್ದ ನಾರಿನ ಪುಡಿಯ ಇಟ್ಟಿಗೆ, ಅಂದರೆ ಕೋಕೋಪೀಟ್, ಈ ಜಿಲ್ಲೆಗೆ ಮನೆಯ ಸರಕು. ಪೊಳ್ಳಾಚಿಯ ಸುತ್ತ ತೆಂಗಿನ ಸಿಪ್ಪೆಯಿಂದ ನಾರು ತೆಗೆಯುವ ಕಾರ್ಖಾನೆಗಳು ಸಾಲುಗಟ್ಟಿವೆ. ನಾರು ಬಿಡಿಸಿದ ಮೇಲೆ ಉದುರುವ ಪುಡಿಯನ್ನು ಒಂದು ಕಾಲದಲ್ಲಿ ರಸ್ತೆ ಬದಿಯಲ್ಲಿ ಗುಡ್ಡೆ ಹಾಕಿ ಬೆಂಕಿ ಕೊಡುತ್ತಿದ್ದರು. ಈಗ ಅದೇ ಪುಡಿ ಹಡಗು ಹತ್ತಿ ಯುರೋಪಿನ ಗಾಜಿನ ಮನೆಗಳ ಟೊಮೆಟೊ ಬೇರಿಗೆ ಹಾಸಿಗೆಯಾಗುತ್ತದೆ.

ಆ ಹಾಸಿಗೆಯ ಗುಟ್ಟು ಎರಡು. ಹಸಿ ನಾರಿನ ಪುಡಿಯಲ್ಲಿ ಉಪ್ಪಿನಂಶ ಹೆಚ್ಚು, ತೊಳೆಯದೆ ಬಳಸಿದರೆ ಎಳೆಯ ಸಸಿಯ ಎಲೆಯಂಚು ಸುಡುತ್ತದೆ. ಎರಡನೆಯದು, ಅದರಲ್ಲಿ ಇಂಗಾಲ ವಿಪರೀತ, ಸಾರಜನಕ ಅತ್ಯಲ್ಪ. ಒಂದಕ್ಕೆ ನೂರಕ್ಕೂ ಮೀರಿದ ಪ್ರಮಾಣ. ಅದನ್ನು ಕೊಳೆಸಲು ಹೊರಟ ಸೂಕ್ಷ್ಮಜೀವಿಗಳು ಗಿಡದ ಪಾಲಿನ ಸಾರಜನಕವನ್ನೂ ಕಸಿದುಕೊಳ್ಳುತ್ತವೆ. ಅಣಬೆ ಜಾತಿಯ ಪ್ಲೂರೋಟಸ್ ಶಿಲೀಂಧ್ರ ಬಿಟ್ಟು ಒಂದೆರಡು ತಿಂಗಳು ಕಳಿಸಿದ ಪುಡಿ ಕಪ್ಪಗಾಗಿ ಗೊಬ್ಬರದಂತಾಗುತ್ತದೆ. ಹಾಗಾಗಿ ತಿಳಿದವರು ಮೂರನೇ ಒಂದು ಪಾಲು ಕೆಮ್ಮಣ್ಣು, ಒಂದು ಪಾಲು ತೊಳೆದ ನಾರಿನ ಪುಡಿ, ಒಂದು ಪಾಲು ಎರೆಗೊಬ್ಬರ ಅಥವಾ ಹಳೆಯ ಕೊಟ್ಟಿಗೆ ಗೊಬ್ಬರ, ಮೇಲೆ ಒಂದು ಹಿಡಿ ಬೇವಿನ ಹಿಂಡಿ ಬೆರೆಸುತ್ತಾರೆ. ಪುಡಿ ತೊಳೆದ ನೀರು ಎಲ್ಲಿಗೆ ಹೋಗುತ್ತದೆ ಎಂಬ ಪ್ರಶ್ನೆ ಮಾತ್ರ ತಾರಸಿಯ ತನಕ ಬರುವುದಿಲ್ಲ. ಪೊಳ್ಳಾಚಿ ಸೀಮೆಯ ಕೆಲವು ಹಳ್ಳಿಗಳ ಬಾವಿಗಳಿಗೆ ಅದು ಇಳಿದು ನೀರು ಕಂದು ತಿರುಗಿದ ದೂರುಗಳಿವೆ. ‘ಆರ್ಗ್ಯಾನಿಕ್’ ತೋಟದ ಹಾಸಿಗೆಗೂ ಒಂದು ಕೊಳೆ ಇದೆ ಎನ್ನುವುದನ್ನು ಮುಚ್ಚಿಡಬೇಕಿಲ್ಲ.

ಗೊಬ್ಬರಕ್ಕೆ ಕೊರತೆಯಿಲ್ಲದ ಊರು ಕಾಂಗೇಯಂ. ಬೂದು ಮೈಯ, ಚಂದ್ರಾಕೃತಿಯ ಕೊಂಬಿನ ಕಾಂಗೇಯಂ ದನಗಳು ತಿರುಪ್ಪೂರು ಜಿಲ್ಲೆಯ ಹೆಮ್ಮೆ. ಅವು ಮೇಯುವುದು ‘ಕೊರಂಗಾಡು’ ಎಂಬ ಖಾಸಗಿ ಹುಲ್ಲುಗಾವಲಿನಲ್ಲಿ; ಸುತ್ತ ಕಿಲುವೈ ಮುಳ್ಳಿನ ಜೀವಂತ ಬೇಲಿ, ಒಳಗೆ ಅಲ್ಲಲ್ಲಿ ಬಿಳಿಜಾಲಿ. ಪಂಚಗವ್ಯವನ್ನು ಬೆಳೆಗೆ ಸಿಂಪಡಿಸುವ ಇಂದಿನ ರೂಢಿಯನ್ನು ಜನಪ್ರಿಯಗೊಳಿಸಿದವರು ಪಕ್ಕದ ಈರೋಡ್ ಜಿಲ್ಲೆಯ ಕೊಡುಮುಡಿಯ ವೈದ್ಯ ಕೆ. ನಟರಾಜನ್. ಸೆಗಣಿ, ಗಂಜಲ, ಹಾಲು, ಮೊಸರು, ತುಪ್ಪಕ್ಕೆ ಎಳನೀರು, ಬೆಲ್ಲ, ಬಾಳೆಹಣ್ಣು ಸೇರಿಸಿ ಒಂದು ತಿಂಗಳು ಕಳಿಸಿ, ನೂರು ಲೀಟರ್ ನೀರಿಗೆ ಮೂರು ಲೀಟರ್‌ನಂತೆ ಬೆರೆಸಿ ಎಲೆಗೆ ಸಿಂಪಡಿಸುವುದು ಕ್ರಮ. ಹತ್ತು ಕುಂಡದವರು ಇಷ್ಟೆಲ್ಲ ಮಾಡಬೇಕಿಲ್ಲ. ನಾಲ್ಕು ಮನೆಯವರು ಸೇರಿ ಒಂದು ಡ್ರಮ್ ಮಾಡಿಕೊಂಡರೆ ಸಾಕು, ಮಹಡಿಯ ಕೆಳಗಿನ ಮನೆಯವರ ಮೂಗಿಗೆ ಮೊದಲೇ ಹೇಳಿ ಒಪ್ಪಿಸಿಕೊಳ್ಳುವ ಷರತ್ತಿನ ಮೇಲೆ.

ನೀರಿನ ಕಥೆ ಅಷ್ಟು ಹಗುರವಲ್ಲ. ಕೊಯಮತ್ತೂರಿನ ಪಶ್ಚಿಮದ ಬಡಾವಣೆಗಳಿಗೆ ಸಿರುವಾಣಿಯ ಸಿಹಿನೀರು ಬರುತ್ತದೆ. ವೆಳ್ಳಿಯಂಗಿರಿ ಬೆಟ್ಟದಲ್ಲಿ ಹುಟ್ಟುವ ನೊಯ್ಯಲ್ ಹೊಳೆ ಮಾತ್ರ ತಿರುಪ್ಪೂರು ದಾಟುವಾಗ ಬನಿಯನ್ ಕಾರ್ಖಾನೆಗಳ ಬಣ್ಣ, ಉಪ್ಪನ್ನು ದಶಕಗಳ ಕಾಲ ಹೊತ್ತಿತು. ನೀರಾವರಿಗೆಂದು 1992ರಲ್ಲಿ ಮುಗಿದ ಒರತ್ತುಪಾಳ್ಯಂ ಅಣೆಕಟ್ಟು ಬಣ್ಣದ ನೀರಿನ ತೊಟ್ಟಿಯಾಯಿತು. ಕೆಳಗಿನ ರೈತರು ಅದರ ನೀರು ಬಿಡಬೇಡಿ ಎಂದು ಬೇಡುವಂತಾಯಿತು. ಕೊಳೆನೀರನ್ನು ಪೂರ್ತಿ ಶುದ್ಧಮಾಡಿ ಮರುಬಳಸದ ಬಣ್ಣದ ಘಟಕಗಳನ್ನು ಮುಚ್ಚಿಸುವಂತೆ ಮದ್ರಾಸ್ ಹೈಕೋರ್ಟ್ 2011ರ ಜನವರಿಯಲ್ಲಿ ಆದೇಶಿಸಿತು. ಹೊಳೆ ಬದಿಯ ಬೋರ್‌ವೆಲ್‌ಗಳಲ್ಲಿ ಕರಗಿದ ಉಪ್ಪು ಆದೇಶದ ಮಾರನೆಯ ದಿನ ಮಾಯವಾಗುವಂಥದ್ದಲ್ಲ. ಬೀನ್ಸ್, ಈರುಳ್ಳಿ, ಮೂಲಂಗಿ ಉಪ್ಪು ನೀರಿಗೆ ಬೇಗ ಸೋಲುತ್ತವೆ. ಪಾಲಕ್, ಬೀಟ್‌ರೂಟ್ ತಾಳಿಕೊಳ್ಳುತ್ತವೆ. ಇಲ್ಲಿ ಬೀಜ ಎಷ್ಟೇ ಪರಿಶುದ್ಧವಾಗಿರಲಿ, ಯಾವ ಬೀಜ ಎನ್ನುವುದನ್ನು ತೀರ್ಮಾನಿಸುವುದು ಕೊಡದೊಳಗಿನ ನೀರು.

ಬೀಜ ಮೊಳೆತ ಮೇಲಿನ ಚಿಂತೆ ಕೀಟದ್ದು. ಈ ವಿಷಯದಲ್ಲಿ ಕೊಯಮತ್ತೂರು ಜಿಲ್ಲೆಗೆ ಯಾರೂ ಬಯಸದ ಎರಡು ದಾಖಲೆಗಳಿವೆ. ಪಪ್ಪಾಯ ಹಿಟ್ಟುತಿಗಣೆ ಭಾರತದಲ್ಲಿ ಮೊದಲು ಕಂಡದ್ದು 2008ರಲ್ಲಿ, ಕೊಯಮತ್ತೂರಿನಲ್ಲಿ. ಪಪ್ಪಾಯದಿಂದ ಮರಗೆಣಸು, ಹಿಪ್ಪುನೇರಳೆ, ಹತ್ತಿ, ದಾಸವಾಳ, ಬದನೆ ಎಂದು ಹಬ್ಬಿ ಹಿತ್ತಲುಗಳನ್ನೆಲ್ಲ ಹತ್ತಿಯಂತೆ ಬೆಳ್ಳಗೆ ಮಾಡಿತು. ರಾಸಾಯನಿಕ ಸಿಂಪಡಿಸಿದವರು ದುಡ್ಡು ಕಳೆದುಕೊಂಡರು. ಮೇಣದ ಹೊದಿಕೆಯೊಳಗಿನ ಹುಳುವಿಗೆ ಅದು ತಟ್ಟಲೇ ಇಲ್ಲ. ಕೊನೆಗೆ ಬೆಂಗಳೂರಿನ ಕೃಷಿ ಕೀಟ ಸಂಶೋಧನಾ ಕೇಂದ್ರದವರು ಪೋರ್ಟೊರಿಕೊದಿಂದ ಮೂರು ಜಾತಿಯ ಕಣಜಗಳನ್ನು ತರಿಸಿ 2010ರಲ್ಲಿ ಬಿಟ್ಟರು. ಗುಂಡುಸೂಜಿಯ ತಲೆಗಿಂತ ದೊಡ್ಡದಲ್ಲದ ಅಸಿರೊಫೇಗಸ್ ಪಪಾಯೆ ಎಂಬ ಕಣಜ ಹಿಟ್ಟುತಿಗಣೆಯ ಹೊಟ್ಟೆಯೊಳಗೆ ಮೊಟ್ಟೆಯಿಟ್ಟು ಕೆಲವೇ ತಿಂಗಳಲ್ಲಿ ಪಿಡುಗನ್ನು ಹತೋಟಿಗೆ ತಂದಿತು. ಔಷಧಿ ಹೊಡೆಯುತ್ತಲೇ ಇದ್ದ ತೋಟಗಳಲ್ಲಿ ಕಣಜವೂ ಸತ್ತು ಕೆಲಸ ಕೆಟ್ಟಿತು.

ಎರಡನೆಯದು 2016ರಲ್ಲಿ ಪೊಳ್ಳಾಚಿಯ ತೆಂಗಿನ ತೋಟಗಳಲ್ಲಿ ದೇಶದಲ್ಲೇ ಮೊದಲು ಪತ್ತೆಯಾದ ಸುರುಳಿ ಬಿಳಿನೊಣ. ಅದು ಗರಿಯ ಅಡಿಯಲ್ಲಿ ಕೂತು ರಸ ಹೀರಿ ಸುರಿಸುವ ಅಂಟಿನ ಮೇಲೆ ಮಸಿಯಂಥ ಬೂಷ್ಟು ಬೆಳೆಯುತ್ತದೆ. ತೆಂಗಿನ ಮರದ ಕೆಳಗೆ ಬದನೆ, ಬಸಳೆ ಹಾಕಿದ ಮನೆಗಳಲ್ಲಿ ಎಲೆಗಳೆಲ್ಲ ಕಪ್ಪು. ನೋಡಿದವರಿಗೆ ಗಿಡ ಸತ್ತಿತೆನಿಸುತ್ತದೆ, ಗಿಡಕ್ಕೆ ಆಗಿರುವುದು ಬಿಸಿಲಿನ ಕೊರತೆ ಮಾತ್ರ. ಒದ್ದೆ ಬಟ್ಟೆಯಲ್ಲಿ ಒರೆಸಿ, ಗಂಜಿ ತಿಳಿ ಚಿಮುಕಿಸಿದರೆ ಬೂಷ್ಟು ಒಣಗಿ ಸಿಪ್ಪೆಯಂತೆ ಉದುರುತ್ತದೆ. ಇದಕ್ಕೂ ಎನ್ಕಾರ್ಸಿಯ ಎಂಬ ಕಣಜವಿದೆ, ವಿಜ್ಞಾನಿಗಳು ಹೇಳಿದ್ದು ಔಷಧಿ ಹೊಡೆಯಬೇಡಿ ಎಂದೇ. ಸಾವಯವವೆಂಬುದು ವ್ರತವಷ್ಟೇ ಅಲ್ಲ, ಲೆಕ್ಕಾಚಾರವೂ ಹೌದು ಎಂದು ಈ ಎರಡು ಹುಳುಗಳು ಒಂದೇ ದಶಕದಲ್ಲಿ ಕಲಿಸಿದವು.

ವಸಂತದ ಬಿತ್ತನೆಯಲ್ಲಿ ನಿರಾಸೆ ತರುವ ಬೆಳೆಗಳೂ ಇವೆ. ಬೆಂಡೆಗೆ ಬೇಸಿಗೆಯ ಬಿಳಿನೊಣ ಹಳದಿ ನಂಜು ರೋಗ ತರುತ್ತದೆ. ಎಲೆಯ ನರ ಹಳದಿ ತಿರುಗಿದ ಮೊದಲ ಗಿಡವನ್ನು ಕನಿಕರಿಸದೆ ಕಿತ್ತರೆ ಉಳಿದವು ಬದುಕುತ್ತವೆ. ಟೊಮೆಟೊ ಫೆಬ್ರವರಿಯಲ್ಲಿ ನಗುನಗುತ್ತಾ ಬೆಳೆದು, ರಾತ್ರಿಯೂ ಸೆಕೆ ಇಳಿಯದ ಏಪ್ರಿಲ್‌ನಲ್ಲಿ ಹೂವನ್ನೆಲ್ಲ ಉದುರಿಸುತ್ತದೆ. ಅರ್ಧ ನೆರಳಿನ ಬಲೆ ಕಟ್ಟಿದರೂ ಪೂರ್ತಿ ಒಲಿಯುವುದಿಲ್ಲ.

ಇನ್ನು ಅವರೆ. ಕನ್ನಡಿಗರ ದೌರ್ಬಲ್ಯವಾದ್ದರಿಂದ ನಾಲ್ಕು ಮಾತು ಹೆಚ್ಚು. ನಾಟಿ ಅವರೆ ಹಗಲು ಕಿರಿದಾದಾಗ ಮಾತ್ರ ಹೂ ಬಿಡುತ್ತದೆ. ಆಡಿಯಲ್ಲಿ ಬಿತ್ತಿದರೆ ತೈಗೆ ಹಿಂದಿನ ಮಾರ್ಗಳಿ ತಿಂಗಳ ಇಬ್ಬನಿಯಲ್ಲಿ ಸೊಗಡು ತುಂಬಿಕೊಂಡು ಕಾಯಿ ಬರುತ್ತದೆ. ಅದನ್ನೇ ತೈ ಕಳೆದ ಮೇಲೆ ಬಿತ್ತಿದರೆ ಬಳ್ಳಿ ತಾರಸಿಯ ಕಂಬ ಸುತ್ತಿ, ಪಕ್ಕದ ಮನೆಯ ಡಿಷ್ ಹಿಡಿದು, ಒಂದು ಹೂವೂ ಬಿಡದೆ ಆರು ತಿಂಗಳು ನೀರು ಕುಡಿಯುತ್ತದೆ. ಬೀಜ ಕೊಟ್ಟವರನ್ನು ಬೈಯುವುದು ತಪ್ಪು, ಪಂಚಾಂಗ ನೋಡದ್ದು ತಪ್ಪು. ಹಗಲಿನ ಉದ್ದಕ್ಕೆ ಸೊಪ್ಪು ಹಾಕದ ಪೊದೆ ಅವರೆಯನ್ನು ಕೊಯಮತ್ತೂರಿನ ವಿಜ್ಞಾನಿಗಳೂ ಕೊಟ್ಟಿದ್ದಾರೆ, ಬೆಂಗಳೂರಿನ ಹೆಬ್ಬಾಳದವರೂ ‘ಹೆಬ್ಬಾಳ ಅವರೆ’ ಹೆಸರಿನಲ್ಲಿ ಕೊಟ್ಟಿದ್ದಾರೆ. ವಸಂತಕ್ಕೆ ಅವೇ ಸರಿ. ಸೊಗಡಿನ ಮಾತು ಬೇರೆ. ಅದನ್ನು ಹಗಲಿನ ಉದ್ದದಂತೆ ಅಳೆಯಲು ಬರುವುದಿಲ್ಲ.

ಬೀಜ ಮನೆಗೆ ಮರಳಬೇಕಾದರೆ ಹೂವಿನ ಸ್ವಭಾವ ಗೊತ್ತಿರಬೇಕು. ಟೊಮೆಟೊ, ಅಲಸಂದೆ ತಮ್ಮ ಹೂವೊಳಗೇ ಪರಾಗ ಮುಗಿಸಿಕೊಳ್ಳುವ ಸಂಕೋಚದವು. ಪಕ್ಕದಲ್ಲಿ ಬೇರೆ ತಳಿ ಇದ್ದರೂ ಹೆಚ್ಚು ಕೆಡುವುದಿಲ್ಲ. ಬೆಂಡೆ, ಮೆಣಸಿನಕಾಯಿಗೆ ಜೇನ್ನೊಣ ಬಂದರೆ ಬೆರಕೆ. ಪ್ರಮಾಣಿತ ಬೀಜದ ಹೊಲಗಳಲ್ಲಿ ಟೊಮೆಟೊ ತಳಿಗಳ ನಡುವೆ 25 ಮೀಟರ್ ಅಂತರ ಸಾಕು, ಬೆಂಡೆಗೆ 200 ಬೇಕು, ಕುಂಬಳ, ಸೋರೆಯ ಕುಲಕ್ಕೆ 500. ಮೂವತ್ತು ಅಡಿಯ ತಾರಸಿಯವರು ಅಷ್ಟು ದೂರ ಎಲ್ಲಿಂದ ತರುವುದು? ದಾರ ಮತ್ತು ಕಾಗದದ ಕೊಟ್ಟೆ ಸಾಕು. ಕುಂಬಳದ ಹೂ ಬೆಳಕು ಹರಿಯುವ ಮುಂಚೆ ಬಿರಿಯುತ್ತದೆ, ಹೀರೆ, ಸೋರೆಯವು ಸಂಜೆ ಐದರ ಮೇಲೆ. ಬಿರಿಯುವ ಮುನ್ನ ಹೆಣ್ಣು ಹೂವಿಗೂ ಗಂಡು ಹೂವಿಗೂ ಕೊಟ್ಟೆ ಕಟ್ಟಿ, ಬಿರಿದಾಗ ಗಂಡು ಹೂ ಕಿತ್ತು ಹೆಣ್ಣಿನ ಮೇಲೆ ಸವರಿ, ಮತ್ತೆ ಮುಚ್ಚಬೇಕು. ಹೆಣ್ಣು ಹೂವಿನ ಗುರುತು ಸುಲಭ, ಅದರ ಬುಡದಲ್ಲಿ ಬೆರಳಿನ ಉಗುರಿನಷ್ಟು ಕಾಯಿ ಮೊದಲೇ ಕೂತಿರುತ್ತದೆ. ಆ ಕಾಯಿಗೆ ಬಣ್ಣದ ದಾರ ಕಟ್ಟಿ, ಮನೆಯವರಿಗೆಲ್ಲ ಹೇಳಿಡಬೇಕು. ಬೀಜಕ್ಕೆ ಬಿಟ್ಟ ಕಾಯಿಯನ್ನು ಸಾಂಬಾರಿಗೆ ಕೊಯ್ದ ಪ್ರಸಂಗಗಳು ಯಾವ ಕೈತೋಟದ ಮನೆಯಲ್ಲಿಲ್ಲ?

ಬೀಜ ಎತ್ತುವ ಕೆಲಸ ಒಂದೊಂದಕ್ಕೆ ಒಂದೊಂದು ರೀತಿ. ಬದನೆ ಹಳದಿಯಾಗಿ ಸುಕ್ಕುಗಟ್ಟುವ ತನಕ ಕಾಯಬೇಕು. ಟೊಮೆಟೊದ ತಿರುಳನ್ನು ಒಂದೆರಡು ದಿನ ಹುಳಿಯಲು ಬಿಟ್ಟರೆ ಬೀಜದ ಸುತ್ತಣ ಲೋಳೆ ಕರಗಿ, ಗಟ್ಟಿ ಬೀಜ ತಳ ಸೇರುತ್ತದೆ, ಜೊಳ್ಳು ತೇಲುತ್ತದೆ. ಬೆಂಡೆ ಗಿಡದಲ್ಲೇ ಒಣಗಿ ಗೆರೆ ಬಿರಿಯಬೇಕು. ಆಮೇಲೆ ಮುಖ್ಯವಾದದ್ದು ಒಣಗಿಸುವುದು. ಬೀಜದ ತೇವ ನೂರಕ್ಕೆ ಒಂದರಷ್ಟು ಇಳಿದರೆ ಅದರ ಆಯುಷ್ಯ ಇಮ್ಮಡಿಯಾಗುತ್ತದೆ ಎಂದು ಬೀಜ ವಿಜ್ಞಾನದ ಒಂದು ಪ್ರಸಿದ್ಧ ಅಂದಾಜು ಹೇಳುತ್ತದೆ. ಬೂದಿ ಹಚ್ಚಿದ ಅಜ್ಜಿಯರು ಆ ಲೆಕ್ಕವನ್ನು ಕೈಯಲ್ಲಿ ಮಾಡುತ್ತಿದ್ದರು. ಬೂದಿ ತೇವ ಹೀರುತ್ತದೆ, ಹುಳುವನ್ನೂ ದೂರವಿಡುತ್ತದೆ. ಮುಂದಿನ ಬಿತ್ತನೆಗೆ ಮೊದಲು ಕಿಲೋ ಬೀಜಕ್ಕೆ ನಾಲ್ಕು ಗ್ರಾಂ ಟ್ರೈಕೊಡರ್ಮಾ ಎಂಬ ಉಪಕಾರಿ ಶಿಲೀಂಧ್ರ ಲೇಪಿಸಿ ಎನ್ನುತ್ತದೆ ವಿಶ್ವವಿದ್ಯಾಲಯ. ಹತ್ತಿಪ್ಪತ್ತು ಬೀಜದವರಿಗೆ ಒಂದು ಚಿಟಿಕೆ ಧಾರಾಳವಾಯಿತು.

ಹೀಗೆ ಎತ್ತಿಟ್ಟ ಬೀಜವನ್ನು ಹಂಚಿಕೊಳ್ಳಲು ಕಾನೂನಿನ ಅಡ್ಡಿಯೂ ಇಲ್ಲ. ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ 2001ರ ಕಾಯ್ದೆಯ 39ನೇ ವಿಧಿ ರೈತರಿಗೆ ಬೀಜ ಉಳಿಸುವ, ಬಿತ್ತುವ, ಬದಲಾಯಿಸಿಕೊಳ್ಳುವ, ಮಾರುವ ಹಕ್ಕು ಕೊಟ್ಟಿದೆ. ಬ್ರಾಂಡಿನ ಹೆಸರು ಹಚ್ಚಿ ಮಾರಕೂಡದು, ಅಷ್ಟೇ. ಕರ್ನಾಟಕದಲ್ಲಿ ಈ ಹಂಚಿಕೆಗೆ ಒಳ್ಳೆಯ ಮಾದರಿ ಶಿರಸಿಯ ವನಸ್ತ್ರೀ. ಸುನೀತಾ ರಾವ್ 2001ರ ಸುಮಾರಿಗೆ ಮಲೆನಾಡಿನ ಹೆಣ್ಣುಮಕ್ಕಳನ್ನು ಕೂಡಿಸಿ ಕಟ್ಟಿದ ಈ ಬಳಗ ಹಿತ್ತಲಿನ ಬೀಜವನ್ನೇ ಬಂಡವಾಳ ಮಾಡಿಕೊಂಡಿದೆ; ಅದರ ಮಲೆನಾಡ ಮೇಳದಲ್ಲಿ ಸೌತೆ, ಬೆಂಡೆ, ಬೀನ್ಸ್‌ನ ಬೀಜಗಳು ಸಣ್ಣ ಪೊಟ್ಟಣಗಳಲ್ಲಿ ಕೈ ಬದಲಾಗುತ್ತವೆ. ತಮಿಳುನಾಡಿನಲ್ಲೂ ಆಡಿ ಪಟ್ಟಕ್ಕೆ ಮುಂಚೆ ಅಲ್ಲಲ್ಲಿ ‘ವಿದೈ ತಿರುವಿಳಾ’ ಎಂಬ ಬೀಜದ ಜಾತ್ರೆಗಳು ನಡೆಯುತ್ತವೆ. ಕೊಯಮತ್ತೂರಿನ ತಾರಸಿಯವರು ತೈಯಲ್ಲಿ ಬಿತ್ತಿ ಎತ್ತಿದ ಹಾಗಲ, ಹೀರೆಯ ಬೀಜ ಆ ಹೊತ್ತಿಗೆ ಸರಿಯಾಗಿ ಒಣಗಿರುತ್ತದೆ.

ಜೂನ್ ಮೊದಲ ವಾರ ಪಾಲಕ್ಕಾಡಿನ ಕಿಂಡಿ ಬಾಯಿ ತೆರೆಯುತ್ತದೆ. ಚಪ್ಪರದ ಹಗ್ಗ ಬಿಚ್ಚುವ ಕೆಲಸ ಶುರು. ಎಲೆಯೆಲ್ಲ ಉದುರಿದ ಬಳ್ಳಿಯಲ್ಲಿ ಬಣ್ಣದ ದಾರ ಕಟ್ಟಿದ ಒಂದೋ ಎರಡೋ ಹೀರೆಕಾಯಿ, ಒಣಗಿ ಕಂದಾಗಿ, ಗಾಳಿಗೆ ಗಲಗಲ ಎನ್ನುತ್ತಿರುತ್ತವೆ. ಪೂರ್ತಿ ಒಣಗಿದ ಹೀರೆಯ ತುದಿಯಲ್ಲಿ ಪುಟ್ಟ ಮುಚ್ಚಳದಂಥದ್ದು ತಾನಾಗಿ ಕಳಚಿಕೊಳ್ಳುತ್ತದೆ. ಕಾಯಿಯನ್ನು ತಲೆಕೆಳಗೆ ಹಿಡಿದು ಅಲ್ಲಾಡಿಸಿದರೆ ಕಪ್ಪು ಬೀಜಗಳು ಅಂಗೈಗೆ ಸುರಿಯುತ್ತವೆ. ಒಳಗೆ ಉಳಿದ ನಾರು ಬಚ್ಚಲುಮನೆಯ ಗೂಡಿಗೆ ಹೋಗುತ್ತದೆ.